ಅಕ್ಕನ ಕೈ ಗುಣವಾದದ್ದು

ಸಿಟ್ಟಿನಲ್ಲಿ ಅವ್ವನ ಕೆನ್ನೆಗೆ ಹೊಡೆದ ಮರುದಿನವೇ ಅಕ್ಕನ ಬಲಗೈ ಮೇಲೇಳದಾಯಿತು. ಅದು ಐವತ್ತರ ದಶಕದ ಕೊನೆ. ಹೊನ್ನಾವರದ ನಮ್ಮ ಕ್ರೈಸ್ತರ ಕೇರಿಯಲ್ಲಿ ಬೇರೆ ಸುದ್ದಿಯೇ ಇರಲಿಲ್ಲ. ಕುಮಟೆಯ ಡಾಕ್ಟರು ಕೊಟ್ಟ ಮದ್ದೂ ನಾಟಲಿಲ್ಲ. ಕೊನೆಗೆ ಅವಳು ಇಗರ್ಜಿಗೆ ಹೋಗಿ ಕುಮ್ಸಾರ್ ಮಾಡಿದಳು, ಅಂದರೆ ಪಾದ್ರಿಗಳ ಕಿವಿಯಲ್ಲಿ ಪಾಪ ಹೇಳಿಕೊಂಡಳು. ಮನೆಗೆ ಬಂದು ಅವ್ವನ ಕಾಲು ಹಿಡಿಯಲು ಬಗ್ಗಿದಾಗ ಆ ಕೈ ತಾನಾಗಿ ಮುಂದೆ ಬಂತು.

“ಗುಣ ಆತು” ಅಂದರು ಎಲ್ಲರೂ. ಕಾಯಿಲೆ ವಾಸಿಯಾದರೂ ಗುಣ, ಒಳ್ಳೆಯ ನಡತೆಗೂ ಗುಣ; ಅಕ್ಕನಿಗೆ ಒಂದೇ ಏಟಿಗೆ ಎರಡೂ ಸಿಕ್ಕಿದವು. ನನಗೆ ಹೊಟ್ಟೆ ಉರಿದುಹೋಯಿತು. ಹಸುಗೂಸಾಗಿದ್ದಾಗ ಬಂದ ಜ್ವರದಲ್ಲಿ ನನ್ನ ಎಡಗಾಲು ಸೊರಗಿತ್ತು. ನಾನು ಯಾರ ಮೇಲೂ ಕೈ ಎತ್ತಿದವಳಲ್ಲ. ಹೊಡೆದವಳಿಗೆ ಪವಾಡ, ನನಗೆ ಊರುಗೋಲು.

ಭಾನುವಾರದ ಧರ್ಮಪಾಠದಲ್ಲಿ ಪಾದ್ರಿಗಳು ಹೇಳಿದ್ದು ನೆನಪಿತ್ತು: ಪಾರ್ಶ್ವವಾಯು ಬಡಿದವನ ಪಾಪವನ್ನು ಯೇಸು ಮೊದಲು ಕ್ಷಮಿಸಿದ, ಆಮೇಲೆ ಎದ್ದು ನಡೆ ಎಂದ. ಹಾಗಾದರೆ ನನಗೆ ಬೇಕಾದದ್ದು ಒಂದು ಪಾಪ. ಸಣ್ಣದಾದರೆ ಕಾಲಿಗೆ ಸಾಲದು ಎಂದು ಯೋಚಿಸಿ, ಕುಮ್ಸಾರ್ ಗೂಡಿನ ಜಾಲರಿಗೆ ಬಾಯಿಟ್ಟು, “ಪಾದ್ರ್ಯಾಬ್, ನಿಮ್ಮನೆ ಹುಂಜ ಕದ್ದು ತಿಂದೆ” ಎಂದೆ. ಅಷ್ಟರಲ್ಲಿ ಅವರ ಹಿತ್ತಲಿನಿಂದ ಹುಂಜ ಕೂಗಿತು.

ಜಾಲರಿಯಾಚೆ ನಗು ತಡೆದುಕೊಂಡ ಸದ್ದು. “ಎಂತಕ್ಕೆ ಸುಳ್ಳು ಹೇಳ್ತೆ ಮಗಾ?”

“ಕಾಲು ಗುಣ ಆಗ್ಬೇಕು.”

ಅವರು ಜಾಲರಿಯ ಹತ್ತಿರ ಬಾಗಿದರು. “ನಿನ್ನ ಕಾಲು ಯಾವ ಪಾಪಕ್ಕೂ ಹಿಂಗಾದ್ದಲ್ಲ. ಅದ್ರಲ್ಲಿ ಕ್ಷಮಿಸೂಕೆ ಎಂತದೂ ಇಲ್ಲ.”

ಅವರ ಮಟ್ಟಿಗೆ ಅದು ಸಮಾಧಾನದ ಮಾತು. ನನಗೆ ಇದ್ದ ಒಂದು ಬಾಗಿಲೂ ಮುಚ್ಚಿತು.

ಹೊರಗೆ ಇಗರ್ಜಿಯ ಮೆಟ್ಟಿಲಲ್ಲಿ ಅಕ್ಕ ಕಾಯುತ್ತಿದ್ದಳು. “ಹಿಡ್ಕ” ಎಂದು ಬಲಗೈ ಚಾಚಿದಳು. ಎಡಗೈಯೂ ಇತ್ತಲ್ಲ, ಬೇಕೆಂದೇ ಗುಣವಾದ ಕೈಯನ್ನೇ ಚಾಚಿದಳು ಅನಿಸಿತು, ಈಗಲೂ ಅನಿಸುತ್ತದೆ. ಆ ಕೈ ಹಿಡಿದು, ಹಲ್ಲಿನ ಗುರುತು ಮೂಡುವಂತೆ ಕಚ್ಚಿದೆ.

ಅವಳು ಕೂಗಲಿಲ್ಲ, ಕೈ ಕೊಡವಿಕೊಳ್ಳಲೂ ಇಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, “ಆತು ಬಿಡು. ನಾ ಕ್ಷಮಿಸ್ದೆ” ಎಂದಳು.

ನಾನು ಊರುಗೋಲನ್ನು ಗೋಡೆಗೆ ಒರಗಿಸಿ, ಎಡಗಾಲನ್ನು ಕೆಳಗಿನ ಮೆಟ್ಟಿಲ ಮೇಲೆ ಇಟ್ಟು, ಕಾದೆ.