ಬಂದವರಿಗೆ ಒಂದು ಕಪ್ ಚಹಾ

ನಾನು ರಬಕವಿಗೆ ಬಂದು ಇನ್ನೂ ವಾರ ತುಂಬಿರಲಿಲ್ಲ. ವೃದ್ಧಾಶ್ರಮದ ಬಚ್ಚಲುಮನೆಗೆ ಒಳಗಿನಿಂದ ಚಿಲಕ ಬಿದ್ದಿತ್ತು, ಒಳಗೆ ಈರಪ್ಪಜ್ಜ. ಹೊರಗಿನ ಬೆಂಚಿನ ಮೇಲೆ, ಅವರನ್ನು ನೋಡಲೆಂದೇ ಬನಹಟ್ಟಿಯಿಂದ ಬಂದಿದ್ದ ಜೀವದ ಗೆಳೆಯ ಬಸಪ್ಪಜ್ಜ. ನಾನು ಬಾಗಿಲು ತಟ್ಟಿದರೆ ಒಳಗಿನಿಂದ ಪಿಸುದನಿ: "ನಾ ಊರಾಗ ಇಲ್ಲಂತ ಹೇಳ್ರಿ ಅಕ್ಕಾರ!"

ಕೋಲಿಲ್ಲದೆ ಅಂಗಳ ದಾಟಲಾಗದ ಮನುಷ್ಯ ಯಾವ ಊರಿಗೆ ಹೋಗಿದ್ದಾರೆಂದು ಹೇಳಲಿ? ನಾನು ತೊದಲಿದೆ. ಬಸಪ್ಪಜ್ಜನಿಗೆ ಅರ್ಥವಾಯಿತು. ಧೋತರ ಕೊಡವಿ ಎದ್ದರು. "ಇದು ಮೂರನೇ ಸಲಾರಿ. ಅವಗ ನಾ ಬ್ಯಾಡಾಗೇನಿ. ಇನ್ನ ಬರಂಗಿಲ್ಲ ಅಂತ ಹೇಳಿಬಿಡ್ರಿ." ಅವರು ಗೇಟು ದಾಟಿದ ಮೇಲೆ ಈರಪ್ಪಜ್ಜ ಹೊರಗೆ ಬಂದರು, ಕಣ್ಣು ಕೆಂಪಗಿತ್ತು. ಆ ದಿನ ಊಟವನ್ನೂ ಮಾಡಲಿಲ್ಲ.

ನಾನು ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು. ಇಲ್ಲಿ ಮೇಲ್ವಿಚಾರಕಿ ಬೇಕೆಂದಾಗ ಹೊಸ ಊರು ನೋಡುವ ಹುಮ್ಮಸ್ಸಿನಲ್ಲಿ ಹೊರಟುಬಂದೆ. ಸೀರೆ ವ್ಯಾಪಾರದ ಸಾಹುಕಾರರೊಬ್ಬರು ಕಟ್ಟಿಸಿದ ಆಶ್ರಮ ನನ್ನ ಕಣ್ಣಿಗೆ ಬಲು ಅಚ್ಚುಕಟ್ಟಾಗಿ ಕಂಡಿತ್ತು. ಸಾಲು ಕಬ್ಬಿಣದ ಮಂಚ, ಬಿಳಿ ಚಾದರ, ಊಟಕ್ಕೆ ಗಂಟೆ, ಚಹಾಕ್ಕೆ ಗಂಟೆ. ಇಂಥ ಕಡೆ ಒಬ್ಬ ಅಜ್ಜ ಗೆಳೆಯನಿಗೆ ಹೆದರಿ ಅಡಗುವುದೆಂದರೇನು!

ಉತ್ತರ ಸಿಕ್ಕಿದ್ದು ನನ್ನ ಬಾಡಿಗೆ ಮನೆಯಲ್ಲಿ. ನೇಕಾರರ ಮನೆ, ಪಡಸಾಲೆಯಲ್ಲಿ ಮಗ್ಗ, ಹಿಂದಿನ ಕೋಣೆ ನನ್ನದು. ಮಗ್ಗದ ಸದ್ದಿಗೆ ಮೊದಲು ನಿದ್ದೆ ಬರುತ್ತಿರಲಿಲ್ಲ, ಆಮೇಲೆ ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ರೊಟ್ಟಿ ಗಂಟಲಲ್ಲಿ ಇಳಿಯದೆ ಅನ್ನಕ್ಕಾಗಿ ಒಳಗೊಳಗೇ ಅತ್ತದ್ದೂ ಉಂಟು. ಅಂದು ಸಂಜೆ ಮನೆಯೊಡತಿ ಚಹಾ ತಂದಾಗ, ಕಾಫಿಯ ನೆನಪಲ್ಲಿದ್ದ ನಾನು ಮೈಸೂರಿನ ಮರ್ಯಾದೆಯಂತೆ "ಬೇಡಿ, ಈಗ ತಾನೇ ಆಯ್ತು" ಅಂದೆ. ನಮ್ಮಲ್ಲಿ ಅಷ್ಟು ಹೇಳಿದರೆ ಮಾತು ಮುಗಿಯಿತು. ಆಕೆಯ ಮುಖ ಸಣ್ಣದಾಯಿತು.

"ನಮ್ಮನಿ ಚಾ ನಡ್ಯಾಂಗಿಲ್ಲೇನ್ರಿ ನಿಮಗ?"

ಗಾಬರಿಯಾಗಿ ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡೆ. ಇಲ್ಲಿ ಯಾರೂ ಚಹಾ ಬೇಕೇ ಎಂದು ಕೇಳುವುದಿಲ್ಲ, ತಂದುಬಿಡುತ್ತಾರೆ. ಹೊಸ್ತಿಲು ದಾಟಿದವರು ಹಾಗೇ ಹೋದರೆ ಮನೆಯ ಮಾನವೇ ಹೋದಂತೆ.

ಮರುದಿನ ಇದನ್ನು ಆಶ್ರಮದ ಗಂಗವ್ವಜ್ಜಿಗೆ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. "ಈಗ ತಿಳೀತೇನ್ರಿ? ಬಂದಾಂವಗ ಒಂದ್ ಕಪ್ ಚಾ ಕೊಡಾಕ ಆಗಂಗಿಲ್ಲ. ಈರಪ್ಪ ಯಾವ ಮಾರಿ ಇಟ್ಕೊಂಡು ಗೆಳ್ಯಾನ ಮುಂದ ನಿಂದರ್ಬೇಕ್ರಿ?" ಮಾರಿ ಎಂದರೆ ಇಲ್ಲಿ ಮುಖ. ಆಶ್ರಮದ ಚಹಾ ಗಂಟೆ ಹೊಡೆದಾಗ, ತಲೆಗೊಂದು ಲೋಟ. ನೆಂಟರ ಲೆಕ್ಕ ಅದರಲ್ಲಿರಲಿಲ್ಲ.

ಸಾಹುಕಾರರ ಬಳಿ ಹೋಗಿ ಒಂದು ಸ್ಟೋವ್ ಕೇಳಿದೆ. "ಬೆಂಕಿ ಕೆಲಸರೀ. ಮುದುಕ್ರು ಕೈ ಸುಟ್ಕೊಂಡ್ರ ಹೊಣಿ ಯಾರು?" ಎಂದರು.

"ನಾನು," ಅಂದೆ. ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ನೋಡೋಣ ಎಂದು ಒಪ್ಪಿದರು.

ಆಶ್ರಮದ ಪಡಸಾಲೆಯ ಮೂಲೆಗೆ ಸ್ಟೋವ್ ಬಂತು. ಅದರ ಹಿಂದೆಯೇ ಎಲ್ಲರಿಗೂ ಬಾಯಿ ಬಂತು. ಗಂಗವ್ವಜ್ಜಿಗೆ ಬಿಳಿ ಚಾದರ ಬೇಡ, ಹಳೆ ಸೀರೆಗಳಿಂದ ತಾವೇ ಹೊಲಿದ ಕೌದಿ ಬೇಕು. ಒಬ್ಬರಿಗೆ ತಂಗಳ ರೊಟ್ಟಿ, ಇನ್ನೊಬ್ಬರಿಗೆ ಬೆಳಿಗ್ಗೆ ತಡವಾಗಿ ಏಳುವ ಸ್ವಾತಂತ್ರ್ಯ. ಮಂಚಗಳನ್ನು ಸಾಲು ಬಿಡಿಸಿ ಎದುರುಬದುರು ಹಾಕಿದೆವು. ಗದ್ದಲವೋ ಗದ್ದಲ! ನನ್ನ ಅಚ್ಚುಕಟ್ಟು ಮಣ್ಣುಪಾಲಾಯಿತು. ನನಗಂತೂ ಬಂದ ಮೇಲೆ ಮೊದಲ ಬಾರಿ ಮನಸ್ಸು ಹಗುರವಾಗಿತ್ತು.

ಬಸಪ್ಪಜ್ಜ ಮಾತ್ರ ಬರಲಿಲ್ಲ. ನಾನೇ ಬನಹಟ್ಟಿಗೆ ಹೋಗಿ ಕರೆದರೆ, "ಅಂವಾ ಬಂದು ಕರದ್ರ ನೋಡೂನು" ಎಂದು ಮುಖ ತಿರುಗಿಸಿದರು. ಅದನ್ನು ಕೇಳಿದ್ದೇ ತಡ, ಈರಪ್ಪಜ್ಜ ಒಗೆದ ಅಂಗಿ ತೊಟ್ಟು, ರುಮಾಲು ಸುತ್ತಿ ಟಾಂಗಾ ಹತ್ತಿದರು. ಎಷ್ಟೋ ಹೊತ್ತು ಕಾದೆವು. ಕೊನೆಗೆ ಟಾಂಗಾದಿಂದ ಇಬ್ಬರೂ ಜಗಳಾಡುತ್ತಲೇ ಇಳಿದರು.

ಚಹಾ ಮಾಡಲು ಈರಪ್ಪಜ್ಜ ಯಾರನ್ನೂ ಬಿಡಲಿಲ್ಲ. ಬಸಪ್ಪಜ್ಜ ಒಂದು ಗುಟುಕು ಕುಡಿದು ಹುಬ್ಬೇರಿಸಿದರು. "ಸಕ್ರಿ ಬಾಳ ಆತಲೇ!"

"ಮೂರ್ ಸಲದ್ದು ಕೂಡೇತಿ. ನಮ್ಮನಿಗೆ ಬಂದಿ, ಸುಮ್ನ ಕುಡಿ."

ನಮ್ಮನಿ! ಆಶ್ರಮವನ್ನು ಯಾರಾದರೂ ಹಾಗೆ ಕರೆದದ್ದು ನಾನು ಕೇಳಿದ್ದು ಅದೇ ಮೊದಲು. ಗಂಗವ್ವಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ.

ಮುಂದೆ ರಜೆಯಲ್ಲಿ ಮೈಸೂರಿಗೆ ಹೋದೆ. ಬೀದಿಗೆ ಕಾಲಿಟ್ಟಾಗಲೇ ಹುರಿದ ಕಾಫಿಬೀಜದ ಘಮ, ಹೊಟ್ಟೆಗೇ ಸಂತೋಷ. ಅತ್ತಿಗೆ ಬೆಳ್ಳಿಲೋಟದಲ್ಲಿ ಕಾಫಿ ತಂದರು. ಅದು ನಮ್ಮ ಮನೆಯಲ್ಲಿ ನೆಂಟರಿಗಾಗಿ ಎತ್ತಿಟ್ಟ ಲೋಟ. "ನಾನೇ ಹಾಕ್ಕೋತೀನಿ ಅತ್ತಿಗೆ" ಎಂದು ಏಳಹೋದೆ. "ಕೂತ್ಕೋಮ್ಮ, ಅಪರೂಪಕ್ಕೆ ಬಂದಿದ್ದೀಯ" ಎಂದು ಭುಜ ಹಿಡಿದು ಕೂರಿಸಿದರು. ಅಷ್ಟು ರುಚಿಯಾದ ಕಾಫಿಯನ್ನು ನಾನು ಎಂದೂ ಕುಡಿದಿರಲಿಲ್ಲ. ಆದರೆ ಲೋಟ ತೊಳೆಯಲು ಎದ್ದರೆ ಅತ್ತಿಗೆ ಅದನ್ನೂ ಕೈಯಿಂದ ಇಸಿದುಕೊಂಡರು.

ತಿರುಗಿ ಬಂದ ದಿನ ಟ್ರಂಕು ಹೊತ್ತು ಆಶ್ರಮದ ಹೊಸ್ತಿಲು ದಾಟಿದೆ. ಕೌದಿ ಹೊಲಿಯುತ್ತಿದ್ದ ಗಂಗವ್ವಜ್ಜಿ ಏಳಲೂ ಇಲ್ಲ.

"ಬಂದ್ರೇನ್ರಿ ಅಕ್ಕಾರ? ಛಲೋ ಆತು. ಬಸಪ್ಪ ಬಂದು ಕುಂತಾನ, ಚಾ ಇಡ್ರಿ."

ಮೈಸೂರಿನಿಂದ ತಂದ ಕಾಫಿಪುಡಿ ಟ್ರಂಕಿನಲ್ಲೇ ಉಳಿಯಿತು. ನಾನು ಸೆರಗು ಸಿಕ್ಕಿಸಿ ಸ್ಟೋವ್ ಹಚ್ಚಿದೆ.