ಪಟಿಕದ ನೀರಿನ ಲಂಗ

೧೮೬೬ರ ನವೆಂಬರ್‌ನ ಒಂದು ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಹೆಸ್ಟರ್ ಪೆನ್‌ಫೋಲ್ಡ್ ಲ್ಯಾಂಬೆತ್‌ನ ನಮ್ಮ ಥಿಯೇಟರಿನ ಉಡುಪಿನ ಕೋಣೆಯಲ್ಲಿ, ಬರೀ ನೀರು ತುಂಬಿದ ತೊಟ್ಟಿಯ ಮುಂದೆ ತುಸು ಹಳದಿಗೆ ತಿರುಗಿದ ಒಂದು ಬಿಳಿ ಲಂಗವನ್ನು ಎತ್ತಿ ಹಿಡಿದು ನಿಂತಿದ್ದಳು. ಅದ್ದಬೇಕೋ ಬೇಡವೋ ಎಂಬುದು ಅವಳಿಗಿನ್ನೂ ತೀರ್ಮಾನವಾಗಿರಲಿಲ್ಲ.

ಲಂಗ ಲೆಟಿ ಡಾಬ್ಸ್ ಎಂಬ ಹತ್ತೊಂಬತ್ತರ ನರ್ತಕಿಯದು. ಇವತ್ತು ಇಂಥದ್ದಕ್ಕೆ ಟುಟು ಎನ್ನುತ್ತಾರೆ, ಮಂಡಿಯ ಮೇಲಕ್ಕೂ ಏರಿಸಿದ್ದಾರೆ. ಆಗ ಅದು ಮೀನಖಂಡದವರೆಗೆ ಇಳಿಯುತ್ತಿತ್ತು, ನಾವು ಬರೀ ಲಂಗ ಎನ್ನುತ್ತಿದ್ದೆವು. ಸೊಳ್ಳೆಪರದೆಯಂಥ ತೆಳು ಹತ್ತಿಬಟ್ಟೆ, ಪದರದ ಮೇಲೆ ಪದರ, ಗಂಜಿ ಹಾಕಿದ್ದು. ವೇದಿಕೆಯ ಅಂಚಿನಲ್ಲೂ ಪಕ್ಕದ ಪರದೆಗಳ ಹಿಂದೆಯೂ ಉರಿಯುತ್ತಿದ್ದುದು ಗ್ಯಾಸ್ ದೀಪ. ಹಾಗಾಗಿ ಪ್ರತಿ ಲಂಗವನ್ನೂ ಪಟಿಕದ ನೀರಿನಲ್ಲಿ ನೆನೆಸಿ ಒಣಗಿಸಬೇಕೆಂದು ನಿಯಮ. ನೆನೆಸಿದ ಬಟ್ಟೆಗೆ ಬೆಂಕಿ ಬೇಗ ಹತ್ತುವುದಿಲ್ಲ. ಆದರೆ ಅದು ಹಳದಿಗೆ ತಿರುಗುತ್ತದೆ, ತೂಕವಾಗುತ್ತದೆ, ರಟ್ಟಿನಂತೆ ಕಾಲಿಗೆ ಬಡಿಯುತ್ತದೆ. ಅದಕ್ಕೇ ಹುಡುಗಿಯರು ತಮ್ಮ ಲಂಗಗಳನ್ನು ಮನೆಗೊಯ್ದು, ಪಟಿಕವನ್ನೆಲ್ಲ ತೊಳೆದು, ಹೊಸದಾಗಿ ಗಂಜಿ ಹಾಕಿ ತರುತ್ತಿದ್ದರು. ಮ್ಯಾನೇಜರಿಗೂ ಇದು ಗೊತ್ತಿತ್ತು. ಮುಂದಿನ ಸಾಲಿಗೆ ಹೊಸದಾಗಿ ಬಂದವಳ ಲಂಗ ಮಾತ್ರ, ಬೆಲೆಯದಾದ್ದರಿಂದ, ಆ ಜಾಗ ಅವಳದೆಂದು ಗೊತ್ತಾಗುವವರೆಗೆ ಹೆಸ್ಟರಳ ಬೀಗದೊಳಗೆ ಇರುತ್ತಿತ್ತು.

ಲೆಟಿ ಬೆಳಿಗ್ಗೆ ಬಂದು ಕೇಳಿದ್ದಳು. "ಆಂಟಿ, ಒಂದ್ಸಲ ನೀರಲ್ಲಿ ಜಾಲಿಸ್ಬಿಡಿ. ಯಾರಿಗೂ ಗೊತ್ತಾಗಲ್ಲ."

"ದೀಪಕ್ಕೆ ಗೊತ್ತಾಗತ್ತೆ."

"ನಿಮ್ಮದು ಯಾವಾಗ್ಲೂ ದೀಪದ ಜಪ. ಇದನ್ನ ಉಟ್ರೆ ನಾನು ಬೋರಲು ಹಾಕಿದ ಬಕೆಟ್ ಥರ ಕಾಣ್ತೀನಿ."

"ಕಾಲು ನೆಟ್ಟಗಿಟ್ರೆ ಬಕೆಟ್ಟೂ ಚೆನ್ನಾಗೇ ಕುಣಿಯತ್ತೆ."

ಲೆಟಿ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ನಾಳೆ ಒಂದಿನ ನನ್ನನ್ನ ಮುಂದೆ ನಿಲ್ಸಿ ನೋಡ್ತಾರಂತೆ ಹ್ಯಾಚೆಟ್ ಮೇಷ್ಟ್ರು. ಹಿಡಿಸಿದ್ರೆ ಆ ಜಾಗ ನನ್ನದು. ಇಲ್ಲಾಂದ್ರೆ ಮತ್ತೆ ಹಿಂದೆ, ಕಾಗದದ ಕೊಂಬೆ ಹಿಡ್ಕೊಂಡು ಕಾಡಾಗಿ ನಿಲ್ಲೋದು. ಅದು ಹೇಗಿರತ್ತೆ ಅಂತ ನಿಮಗೆ ನಾನು ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಹೆಸ್ಟರ್ ಅದೇ ವೇದಿಕೆಯ ಹಿಂದಿನ ಸಾಲಿನಲ್ಲಿ ವರ್ಷಗಟ್ಟಲೆ ಕಾಡಾಗಿ ನಿಂತವಳು. ಮುಂದಿನವಳೊಬ್ಬಳಿಗೆ ಜ್ವರ ಬಂದ ದಿನ ಅವಳನ್ನು ಮುಂದೆ ನಿಲ್ಲಿಸಿದರು. ಆ ನೃತ್ಯ ಮುಗಿಸಿ ಅವಳು ಪರದೆಯ ಮರೆಗೆ ಬಂದಳು. ನಮ್ಮ ಹುಡುಗಿಯರು ಲಂಗದ ಮೇಲೆ ಕೂರುವುದಿಲ್ಲ. ಸುಕ್ಕಾಗದಿರಲೆಂದು ಹಿಂದಿನ ಪದರಗಳನ್ನೆಲ್ಲ ಎರಡೂ ಕೈಯಿಂದ ಮೇಲಕ್ಕೆ ಹಾರಿಸಿ ಆಮೇಲೆ ಕೂರುತ್ತಾರೆ. ಹೆಸ್ಟರಳೂ ಹಾಗೇ ಹಾರಿಸಿದಳು. ಪಕ್ಕದ ದೀಪದ ಉರಿ ಆ ಗಾಳಿಗೆ ವಾಲಿ ಬಟ್ಟೆಯನ್ನು ಮುಟ್ಟಿತು. ಯಾರೋ ಒದ್ದೆ ಕಂಬಳಿ ಹೊದಿಸಿದರು. ಜೀವ ಉಳಿಯಿತು, ಎಡ ಮಂಡಿಯನ್ನು ಮತ್ತೆಂದೂ ಮಡಚಲಾಗಲಿಲ್ಲ. ತೊಳೆದ ಲಂಗ ಅದು, ಅವಳೇ ತೊಳೆದದ್ದು.

ಅಂದಿನಿಂದ ಅವಳ ಕೈಗೆ ಸೂಜಿ ಬಂತು. ಸಂಜೆ ವಾದ್ಯಗಳು ಶುರುವಾದಾಗ ಮೇಜಿನ ಕೆಳಗೆ ಅವಳ ಬಲಗಾಲು ಹೆಜ್ಜೆ ಹಾಕುತ್ತಿತ್ತು, ಎಡಗಾಲು ಸುಮ್ಮನೆ ಚಾಚಿಕೊಂಡಿರುತ್ತಿತ್ತು. ಹೊಲಿದು ಮುಗಿಸಿದ ಪ್ರತಿ ಲಂಗವನ್ನೂ ಗೂಟಕ್ಕೆ ತೂಗುಹಾಕಿ ಒಮ್ಮೆ ತಿರುಗಿಸಿ ಬಿಡುವಳು. ಅದು ಅರಳಿ, ಸುತ್ತಿ, ನಿಧಾನವಾಗಿ ಮುಚ್ಚಿಕೊಳ್ಳುವವರೆಗೆ ನೋಡುತ್ತ ನಿಲ್ಲುವಳು. ಆಗ ನಾವು ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ.

ಲೆಟಿಯ ಲಂಗವನ್ನು ಅವಳು ತೊಟ್ಟಿಗೆ ಇಳಿಸಿದ್ದು ನಿಜ. ಅಂಚು ಬೆರಳಷ್ಟು ನೆನೆಯಿತು. ಅಷ್ಟರಲ್ಲೇ ಮೇಲಕ್ಕೆತ್ತಿದಳು. ಆಮೇಲೆ ಕತ್ತಲಾಗುವವರೆಗೂ ಕೂತು, ತೂಕ ಇಳಿಯಲೆಂದು ಒಳಗಿನ ಎರಡು ಪದರ ಬಿಚ್ಚಿ ತೆಗೆದಳು, ನೆರಿಗೆಗಳನ್ನು ಒಂದೊಂದಾಗಿ ಮತ್ತೆ ಇಸ್ತ್ರಿ ಮಾಡಿದಳು. ಪಟಿಕವನ್ನು ಬಿಡಿಸದೆ ಮಾಡಬಹುದಾದದ್ದು ಅಷ್ಟೇ.

ಶನಿವಾರ ಸಂಜೆ ಸೊಂಟಕ್ಕೆ ಕಟ್ಟುವಾಗಲೇ ಲೆಟಿಗೆ ತಿಳಿಯಿತು.

"ಜಾಲಿಸ್ಲಿಲ್ಲ."

"ಇಲ್ಲ."

"ಮೊದ್ಲೇ ಹೇಳಿದ್ರೆ ಕದ್ದಾದ್ರೂ ಒಯ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ. ಉಸಿರು ಬಿಗಿ ಹಿಡಿ, ಕೊಂಡಿ ಹಾಕ್ಬೇಕು."

ಲೆಟಿ ಚೆನ್ನಾಗಿಯೇ ಕುಣಿದಳು. ಹೆಸ್ಟರ್ ಪರದೆಯ ಮರೆಯಿಂದ ನೋಡಿದಳು. ಪ್ರತಿ ಸುತ್ತಿನ ಕೊನೆಯಲ್ಲಿ ಲೆಟಿ ನಿಂತ ಕೂಡಲೇ ಅವಳ ಲಂಗವೂ ನಿಂತುಬಿಡುತ್ತಿತ್ತು. ಅಕ್ಕಪಕ್ಕದವರ ಲಂಗಗಳು ಇನ್ನೂ ಅರೆ ಕ್ಷಣ ತೇಲುತ್ತಿದ್ದವು. ಪ್ರೇಕ್ಷಕರು ಕಾಸು ಕೊಟ್ಟು ನೋಡಲು ಬರುತ್ತಿದ್ದುದು ಆ ಅರೆ ಕ್ಷಣವನ್ನು. ಸೋಮವಾರ ಹ್ಯಾಚೆಟ್ ಮೇಷ್ಟ್ರು ಲೆಟಿಯ ಕೈಗೆ ಮತ್ತೆ ಕೊಂಬೆ ಕೊಟ್ಟರು.

ಆ ಚಳಿಗಾಲದಲ್ಲಿ ನಮ್ಮಲ್ಲಿ ಯಾರಿಗೂ ಬೆಂಕಿ ತಗಲಲಿಲ್ಲ, ತೊಳೆದ ಲಂಗದವರಿಗೂ. ಹೆಸ್ಟರ್ ಮಾಡಿದ್ದು ಸರಿಯೆಂದು ತೋರಿಸಲು ಏನೂ ಇರಲಿಲ್ಲ. ಲೆಟಿ ತನ್ನ ರಿಪೇರಿಗಳನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಿದ್ದಳು. ಹೆಸ್ಟರ್ ಅವನ್ನು ಉಳಿದವಕ್ಕಿಂತ ಮೊದಲೇ ಹೊಲಿದಿಡುತ್ತಿದ್ದಳು.

ವಸಂತದಲ್ಲಿ ಒಂದು ಸಂಜೆ ಲೆಟಿ ತಾನೇ ಬಂದಳು. ಲಂಗದ ಅಂಚು ಕಿತ್ತುಹೋಗಿತ್ತು. ಹೆಸ್ಟರ್ ಎಡಗಾಲು ಚಾಚಿ ನೆಲದ ಮೇಲೆ ಕೂತು, ಲೆಟಿ ಉಟ್ಟಿರುವಂತೆಯೇ ಹೊಲಿಯತೊಡಗಿದಳು.

"ಆಂಟಿ," ಎಂದಳು ಲೆಟಿ, ಕೆಳಗೆ ನೋಡದೆ. "ನೀವು ಮುಂದಿನ ಸಾಲಲ್ಲಿ ಒಟ್ಟು ಎಷ್ಟು ಹೊತ್ತು ಕುಣಿದ್ರಿ?"

ಹೆಸ್ಟರ್ ಹಲ್ಲಿನಿಂದ ದಾರ ಕಡಿದಳು.

"ನಾಲ್ಕು ನಿಮಿಷ."