ಸಿಪಾಯಿಣಿಯ ಹಿಂಬದಿ ಲಂಗರು

ಸ್ಫಾಕ್ಸ್ ಪಟ್ಟಣದಾಚೆಯ ಕಡಲಿನ ಮೇಲೆ ಸೂರ್ಯ ಇನ್ನೂ ಮೂಡಿಲ್ಲ. ಐವತ್ತೆಂಟರ ದಲಂದಾ ಸೊಂಟಮಟ್ಟದ ನೀರಿನಲ್ಲಿ ನಿಂತು ಖರ್ಜೂರದ ಗರಿಗಳನ್ನು ಕೆಸರಿಗೆ ಊರುತ್ತಿದ್ದಾರೆ. ಅಸಲಿಗೆ ಇದು ಅವರ ಕೆಲಸವೇ ಅಲ್ಲ, ಅವರು ಹಡಗಿನವರು. ಮೀನನ್ನು ದಾರಿ ತಪ್ಪಿಸಿ ಬಲೆಗೆ ತಳ್ಳುವ ಈ ಗರಿಬೇಲಿ ಮುದುಕ ಖ್ಮಾಯಿಸ್ ಅವರದು. ಇಲ್ಲಿ ಹೊಲಕ್ಕಿರುವಂತೆ ನೀರಿಗೂ ಒಡೆಯರಿದ್ದಾರೆ. ಬೇಲಿ ಮುರಿದವರು ತಾವೇ ಗರಿ ಹೊತ್ತು ತಂದು, ನೀರಿಗಿಳಿದು ನೆಟ್ಟುಕೊಡಬೇಕು.

ದೋಣಿಯಲ್ಲಿ ಕಾಲು ಚಾಚಿ ಕೂತ ಖ್ಮಾಯಿಸ್ ಬಾಯಿಗೆ ಬಿಡುವಿಲ್ಲ. "ಸೊಟ್ಟ ಆಯ್ತು ನೋಡೇ. ಮೀನು ನೋಡಿ ನಗುತ್ತೆ."

"ನಗಲಿ ಬಿಡು ಕಾಕಾ. ನಗ್ತಾ ನಗ್ತಾನೇ ಬಲೆಗೆ ಬೀಳುತ್ತೆ."

ಮಾತು ತಮಾಷೆಯದು, ಆದರೆ ದಲಂದಾ ಕಣ್ಣು ಮುದುಕನ ಮುಖದ ಮೇಲೇ ಇದೆ. ಖ್ಮಾಯಿಸ್ ಬೇಡವೆಂದರೆ ಹಡಗು ಇನ್ನು ಈ ದಂಡೆಗೆ ಬರುವಂತಿಲ್ಲ. ನೀರಿನೊಡೆಯರ ಮಾತನ್ನು ಮೀರುವವರು ಇಲ್ಲಿಲ್ಲ. ಹಡಗು ಬರುವುದು ನಿಂತರೆ, ಹಡಗುಕಟ್ಟೆಯೂ ಇಲ್ಲದ ಈ ಗರ್ಸಾ ದ್ವೀಪಕ್ಕೆ ಕುಡಿಯುವ ನೀರೂ ಇಲ್ಲ, ಗ್ಯಾಸೂ ಇಲ್ಲ.

ಹಡಗಿನ ಹೆಸರು ಅಸ್ಕರಿಯಾ, ಅಂದರೆ ಸಿಪಾಯಿಣಿ. ಮಹಾಯುದ್ಧದಲ್ಲಿ ಕಾಲಾಳುಗಳನ್ನು ಶತ್ರುವಿನ ದಂಡೆಗೆ ಇಳಿಸಲೆಂದೇ ಅಮೆರಿಕದಲ್ಲಿ ಕಟ್ಟಿದ ಚಪ್ಪಟೆ ತಳದ ಹಡಗು. ಒಂದು ಬೇಸಿಗೆಯ ರಾತ್ರಿ ಇದೇ ಕರಾವಳಿಯಿಂದ ಇನ್ನೂರು ಹುಡುಗರನ್ನು ಹೊತ್ತು ಸಿಸಿಲಿಗೆ ಹೋಗಿತ್ತು. ಅವರು ಓಡಿ ಇಳಿದ ಮೆಟ್ಟಿಲ ಹಲಗೆಯ ಮೇಲೆ ಈಗ ಕುರಿಗಳು ಇಳಿಯುತ್ತವೆ. ಅವರ ಮಂಚಗಳ ಕಬ್ಬಿಣದ ಕೊಕ್ಕೆಗಳಿಗೆ ಹೆಂಗಸರು ಗಂಟುಮೂಟೆ ನೇತುಹಾಕುತ್ತಾರೆ. ಎಂಟು ಎಂಜಿನ್‌ಗಳಲ್ಲಿ ಉಸಿರಾಡುತ್ತಿರುವುದು ಮೂರು. ಗುಂಡು ತೂರಿದ ಜಾಗಗಳಿಗೆ ತೇಪೆ ಹಾಕಲಾಗಿದೆ.

ದಲಂದಾ ನಿಲ್ಲುವುದು ಹಡಗಿನ ಹಿಂಬದಿಯಲ್ಲಿ, ಲಂಗರಿನ ಬಳಿ. ಯುದ್ಧ ಮುಗಿದ ಮೇಲೆ ಅವರ ತಂದೆಗೆ ಈ ಕೆಲಸ ಕಲಿಸಿದವನು ಒಬ್ಬ ಇಂಗ್ಲಿಷ್ ನಾವಿಕ. "ದಂಡೆ ಮುಟ್ಟೋ ಮೊದಲೇ ಹಿಂದೆ, ದೂರದಲ್ಲಿ ಲಂಗರು ಬಿಡಬೇಕು. ವಾಪಸ್ ಹೋಗೋವಾಗ ಆ ಉಕ್ಕಿನ ಹಗ್ಗ ಎಳ್ಕೊಂಡೇ ಹಡಗು ಮರಳಿಂದ ಕಿತ್ತು ಬರೋದು. ಆಗ ಗುಂಡು ಹಾರ್ತಿರೋವಾಗ್ಲೂ ಒಬ್ಬ ಇಲ್ಲೇ ನಿಂತಿರ್ತಿದ್ನಂತೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ," ಎನ್ನುತ್ತಾರೆ ದಲಂದಾ.

ತಂದೆ ಒಮ್ಮೆ ಲೆಕ್ಕ ತಪ್ಪಿದರು. ಬೇಲಿಗಳ ನಡುವಿನ ಹಡಗಿನ ದಾರಿಯಲ್ಲಿ ಮರಳು ತುಂಬಿ, ಹಡಗು ಬೇಲಿಯತ್ತ ಸರಿದು ಬರಬೇಕಾದ ವರ್ಷವದು. ದೂರಕ್ಕೆ ಬಿಟ್ಟರೆ ಲಂಗರು ಖ್ಮಾಯಿಸ್ ಮನೆಯವರ ಬೇಲಿಯ ಮೇಲೆ ಬೀಳುತ್ತಿತ್ತು. ಅದನ್ನು ತಪ್ಪಿಸಲು ದಂಡೆಯ ಹತ್ತಿರವೇ ಬಿಟ್ಟರು. ಲಂಗರು ಹಿಡಿಯಲಿಲ್ಲ, ನೀರು ಇಳಿದು ಹಡಗು ಮರಳಿನ ಮೇಲೆ ಕೂತುಬಿಟ್ಟಿತು. ಹಡಗಿನಲ್ಲಿ ಆಸ್ಪತ್ರೆಗೆ ಹೊರಟಿದ್ದವರು ಅವರ ಹೆಂಡತಿಯೇ.

"ಅಪ್ಪ ಬೇಲಿ ಉಳಿಸಿದ. ಅಮ್ಮ ಹೋದಳು," ಎಂದು ಹೇಳಿ ದಲಂದಾ ಇನ್ನೊಂದು ಗರಿ ಊರುತ್ತಾರೆ.

ಕಳೆದ ವಾರ ಗಾಳಿ ಎದ್ದ ದಿನ, ಹೆರಿಗೆ ನೋವಿನಲ್ಲಿದ್ದ ನಜ್ವಾ ಎಂಬ ಹುಡುಗಿಯನ್ನು ಕರೆದೊಯ್ಯಲು ಅಸ್ಕರಿಯಾ ದಂಡೆಗೆ ಬರುತ್ತಿತ್ತು. ದಾರಿಯಲ್ಲಿ ಮತ್ತೆ ಮರಳು, ಕೆಳಗೆ ಮತ್ತೆ ಅದೇ ಬೇಲಿ. ಬೇಲಿ ಎಂದರೆ ಖ್ಮಾಯಿಸ್‌ಗೆ ಇಡೀ ವರ್ಷದ ಅನ್ನ. ದಲಂದಾ ಕಣ್ಣು ಮುಚ್ಚಲಿಲ್ಲ. ಬೇಲಿಯನ್ನು ನೋಡುತ್ತಲೇ ಲಂಗರು ಬಿಟ್ಟರು. ಗರಿಗಳು ಲಟಲಟನೆ ಮುರಿದವು. ನಜ್ವಾಳನ್ನು ಹತ್ತಿಸಿಕೊಂಡ ಹಡಗು, ಇಳಿಯುತ್ತಿದ್ದ ನೀರಿಗಿಂತ ಒಂದು ಹೆಜ್ಜೆ ಮುಂದೆ ಮರಳಿನಿಂದ ಕಿತ್ತು ಬಂತು. ಸ್ಫಾಕ್ಸ್‌ನಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ಅಂದಿನಿಂದ ಹಡಗು ಬರಲಿ, ಬೇಡ ಎಂದು ಖ್ಮಾಯಿಸ್ ಎರಡರಲ್ಲಿ ಒಂದನ್ನೂ ಹೇಳಿಲ್ಲ. ಇವತ್ತೂ ಅವರು ಬೈಯುತ್ತಿರುವುದು ಗರಿಯ ಸೊಟ್ಟಕ್ಕಷ್ಟೇ. ಬೆಳಕು ಹರಿದಿದೆ. ಬೇಲಿ ಮುಗಿಯುತ್ತ ಬಂದಿದೆ, ನಡುವೆ ಉಳಿದಿರುವುದು ಒಂದಿಷ್ಟು ಜಾಗ. ದಲಂದಾ ಕೊನೆಯ ಕಟ್ಟು ಬಿಚ್ಚುತ್ತಾರೆ.

"ಅಲ್ಲಿ ನೆಡಬೇಡ," ಎನ್ನುತ್ತಾರೆ ಖ್ಮಾಯಿಸ್.

"ಸಂದು ಬಿಟ್ಟರೆ ಮೀನೆಲ್ಲ ಆಚೆ ಹೋಗುತ್ತಲ್ಲ ಕಾಕಾ?"

"ಹೋಗೋದು ಹೋಗ್ಲಿ." ಮುದುಕ ದೋಣಿಯ ಹುಟ್ಟು ಕೈಗೆತ್ತಿಕೊಳ್ಳುತ್ತಾರೆ. "ಅಲ್ಲೂ ನೆಟ್ಟರೆ ನಾಳೆ ನಿನ್ನ ಲಂಗರನ್ನ ಎಲ್ಲಿ ಬಿಡ್ತೀಯೇ, ನನ್ನ ತಲೆ ಮೇಲಾ?"

ಉಳಿದ ಗರಿಗಳನ್ನು ಎದೆಗವಚಿಕೊಂಡು ದಲಂದಾ ನೀರಿನಲ್ಲೇ ನಿಂತಿದ್ದಾರೆ. ಆ ಜಾಗ ಲಂಗರಿಗೆ ಸಾಲುತ್ತದೆಯೇ ಎಂದು ನೋಡುತ್ತಾರೆ, ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡುತ್ತಾರೆ.

"ಸಾಲುತ್ತೆ ಕಾಕಾ," ಎನ್ನುತ್ತಾರೆ.